ತವರಿನ ಮೂರು ರಾತ್ರಿ

ಹೆಂಡತಿ ತವರಿಗೆ ಹೋದರೆ ನಮ್ಮ ಬೀದಿಯ ಗಂಡಸರು ಕಾಲು ಚಾಚಿ ಮಲಗುತ್ತಾರೆ. ನನಗೆ ಮಾತ್ರ ಮದುವೆಯಾದ ಮೊದಲ ವರ್ಷ ತವರು ಎಂಬ ಮಾತು ಕಿವಿಗೆ ಬಿದ್ದರೆ ನಿದ್ದೆ ಹಾರಿಹೋಗುತ್ತಿತ್ತು. ಜೂನ್ ತಿಂಗಳಲ್ಲಂತೂ ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚಿ ಬೀಳುತ್ತಿದ್ದೆ. ನಾನು ಹುಟ್ಟು ಪುಕ್ಕಲ ಎಂಬುದು ಬೇರೆ ಮಾತು. ಆದರೆ ಆಗ ಹೆದರಿದ್ದಕ್ಕೆ ಕಾರಣವಿತ್ತು.

ರೋಮಿನಲ್ಲಿ ಹೆಣ್ಣು ಮದುವೆಯಾಗಿ ಬಂದ ಮಾತ್ರಕ್ಕೆ ಗಂಡನ ಮನೆಯವಳಾಗುವುದಿಲ್ಲ. ಒಂದು ವರ್ಷ ಪೂರಾ ಅಲ್ಲಿ ಬಾಳಬೇಕು. ವರ್ಷ ತುಂಬುವುದರೊಳಗೆ ಸಾಲಾಗಿ ಮೂರು ಪೂರಾ ರಾತ್ರಿ ಹೊರಗೆ ಕಳೆದಳೋ, ಆ ವರ್ಷದ ಬಾಳುವೆ ಲೆಕ್ಕಕ್ಕಿಲ್ಲ, ಅವಳು ಅಪ್ಪನ ಕೈಯಲ್ಲೇ ಉಳಿದಳು. ಅಪ್ಪ ಮನಸ್ಸು ಮಾಡಿದರೆ ಮದುವೆ ಬಿಡಿಸಿ ಇನ್ನೊಬ್ಬನಿಗೆ ಕೊಡಬಹುದು. ಗಂಡನಾದವನು ಬಾಯಿ ಮುಚ್ಚಿಕೊಂಡು ನೋಡುತ್ತಿರಬೇಕು.

ನನ್ನ ಮಾವ ಹೆರೆನ್ನಿಯಸ್ ಮದುವೆಯ ಊಟದಲ್ಲೇ ಎಲ್ಲರೆದುರು ಹೇಳಿಬಿಟ್ಟಿದ್ದರು.

"ಅಳಿಯಾ ನುಮೇರಿಯಸ್, ಮಗಳನ್ನ ಕೊಟ್ಟಿದ್ದೀನಿ, ಬಿಟ್ಟುಕೊಟ್ಟಿಲ್ಲ. ವರ್ಷ ತುಂಬೋದ್ರೊಳಗೆ ಮೂರು ರಾತ್ರಿ ಕರ್ಕೊಂಡು ಹೋಗ್ತೀನಿ."

"ಆಗ್ಲಿ ಮಾವ," ಎಂದಿದ್ದೆ. ಆಗ ನನಗೆ ಅವಳ ಮುಖವೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮದು ಬಣ್ಣದ ಕಸುಬು. ಮದುಮಗಳು ತಲೆಯ ಮೇಲೆ ಹೊದೆಯುವ ಬೆಂಕಿಬಣ್ಣದ ಮುಸುಕನ್ನು ಈ ಬೆಟ್ಟದ ಕೆಳಗಿನ ಅರ್ಧ ಊರಿಗೆ ಅದ್ದಿ ಕೊಡುವವರು ನಾವು. ಅಪ್ಪ ಮದುವೆ ಮಾತು ಮುಗಿಸಿ ಅದೇ ಚಳಿಗಾಲದಲ್ಲಿ ತೀರಿಕೊಂಡರು, ಬಣ್ಣ ಅದ್ದುವ ಬಾನಿಗಳೆಲ್ಲ ನನ್ನ ಪಾಲಿಗೆ ಬಂದವು. ನನ್ನ ಹೆಂಡತಿಯಾಗಲಿದ್ದ ಹೆರೆನ್ನಿಯಾಳ ಮುಸುಕನ್ನು ಅದ್ದಿದ್ದೂ ನಾನೇ. ಮೂರು ಸಲ ಅದ್ದಿದರೆ ಸಾಕು, ನಾಲ್ಕು ಸಲ ಅದ್ದಿದ್ದೆ. ನೋಡದ ಹುಡುಗಿಗೆ ಬೇರೇನು ಕೊಡುವುದು ಎಂದು ತಿಳಿಯಲಿಲ್ಲ.

ಮದುವೆಯ ಸಂಜೆ ನನ್ನ ಗೆಳೆಯರು ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿಸಿದರು. ಮನೆ ತುಂಬುವವಳು ಹೊಸ್ತಿಲು ಎಡವಬಾರದು. ಕೆಳಗಿಳಿಸಿದ ಮೇಲೆ ಅವಳು ಹಿಂತಿರುಗಿ ಆ ಕಲ್ಲನ್ನೇ ನೋಡಿದಳು.

"ನಿಮ್ಮನೆ ಹೊಸ್ತಿಲು ಬಹಳ ಎತ್ತರ ಕಣ್ರೀ," ಎಂದಳು. ಅದು ಅವಳು ನನ್ನೊಡನೆ ಆಡಿದ ಮೊದಲ ಮಾತು.

ಎರಡನೆಯ ಮಾತು ಕೋಣೆಗೆ ಬಂದ ಮೇಲೆ. ಮಂಚದ ಅಂಚಿನಲ್ಲಿ ಕುಳಿತು, ಮರವನ್ನು ಕೈಯಿಂದ ಸವರಿ ಕೇಳಿದಳು.

"ಈ ಮಂಚ ಕಿತ್ಕೊಂಡಿದ್ದಲ್ಲ ತಾನೆ?"

"ಮಂಚ ಯಾರು ಕಿತ್ಕೋತಾರೆ?"

"ನಮ್ಮಪ್ಪ. ಬಾಡಿಗೆಯವನೊಬ್ಬ ಜುಲೈ ಮೊದಲ ದಿನದೊಳಗೆ ಮನೆ ಖಾಲಿ ಮಾಡ್ಬೇಕಿತ್ತು. ಪಾಪ, ರಾತ್ರಿಯಾದ್ರೂ ಮೂಟೆ ಹೊರ್ತಾನೇ ಇದ್ದ. ಒಂದು ಮಂಚ ಉಳೀತು. ಅಪ್ಪ ಬಾಗಿಲಿಗೆ ಅಡ್ಡ ನಿಂತು, ನಡುರಾತ್ರಿ ದಾಟ್ತು, ಇದು ನಾಳೆ, ಇನ್ನು ಮಂಚ ನಂದು ಅಂದ್ರು. ಬೆಳಕು ಹರಿಯೋ ತನಕ ಇವತ್ತೇ ಅಲ್ವಾ ಅಂತ ಅವನು. ನ್ಯಾಯಕ್ಕೂ ಹೋಯ್ತು. ಗೆದ್ದಿದ್ದು ಅಪ್ಪನೇ." ಕಣ್ಣಂಚಿನಲ್ಲಿ ನನ್ನನ್ನು ನೋಡಿದಳು. "ಮನೆಗೆ ಯಾರು ಊಟಕ್ಕೆ ಬಂದ್ರೂ ಈ ಕಥೆ ಹೇಳ್ದೆ ಕಳಿಸಲ್ಲ. ನಾನು ಆ ಮಂಚದ ಮೇಲೆ ಮಲಗಿ ಬೆಳೆದವಳು. ರಾತ್ರಿ ಯಾರೋ ಬಂದು ಕೇಳ್ತಾರೆ ಅಂತ ಭಯ ಆಗೋದು."

"ಇಲ್ಲಿ ಯಾರೂ ಕೇಳಲ್ಲ," ಎಂದೆ. ಅವಳು ನಕ್ಕಳು. ನನ್ನ ಎದೆ ಆ ನಗುವಿಗೆ ಬಿದ್ದದ್ದು ಮತ್ತೆ ಏಳಲೇ ಇಲ್ಲ.

ಮಾವ ಎಣ್ಣೆ ವ್ಯಾಪಾರಕ್ಕೆಂದು ದಕ್ಷಿಣಕ್ಕೆ ಹೋದವರು ತಿಂಗಳುಗಟ್ಟಲೆ ಬರಲಿಲ್ಲ. ನಾವು ಬದುಕಿದೆವು. ಬೆಳಿಗ್ಗೆ ಅಮ್ಮನ ಜೊತೆ ಒಲೆದೇವರಿಗೆ ಉಪ್ಪು ಹಿಟ್ಟು ಹಾಕಿ ಅವಳು ಅಂಗಳಕ್ಕೆ ಬರುವಳು, ನಾನು ಬಾನಿಯ ಮುಂದೆ ನಿಂತಿರುವೆ.

"ಮುಟ್ಬೇಡಿ," ಎನ್ನುವಳು. "ನಿನ್ನೆ ಅತ್ತೆ ನನ್ನ ಕೆನ್ನೆ ನೋಡಿ ನಕ್ಕೂ ನಕ್ಕೂ ಸಾಕಾದ್ರು. ನಾಲ್ಕು ಬೆರಳಿನ ಗುರುತು, ಹಳದಿ."

"ಒರೆಸ್ಕೋಬೇಕಿತ್ತು."

"ಹೋಗೋ ಬಣ್ಣ ಹಾಕ್ತೀರಾ ನೀವು?"

ಹೀಗೆ ವರ್ಷ ಸವೆಯಿತು. ದಿನ ಕಡಿಮೆಯಾದಂತೆ ನನ್ನ ಭಯ ಬೆಳೆಯಿತು. ಅವಳು ನನ್ನ ಮನೆಯವಳಾದರೆ ಸಾಕೆಂದು ನಾನು ಹಂಬಲಿಸುತ್ತಿದ್ದೆ, ಆದರೆ ಅವಳಿಗೆ ಏನು ಬೇಕೆಂದು ಗೊತ್ತಿರಲಿಲ್ಲ. ಕೇಳೋಣವೆಂದರೆ ಅಮ್ಮ ತಡೆದಳು.

"ಕೇಳ್ಬೇಡ ಮಗಾ. ನಿನ್ನ ಕೈಗೆ ಬಂದ್ಲು ಅಂದ್ರೆ ಅಪ್ಪನ ಆಸ್ತೀಲಿ ಪಾಲಿಲ್ಲ, ಆ ಮನೆ ದೇವರೂ ಅವಳದ್ದಲ್ಲ. ಅಷ್ಟು ದೊಡ್ಡ ಮನೆ ಬಿಟ್ಟು ಈ ಹಳದಿ ಕೈ ಹಿಡ್ಕೊ ಅಂತ ಯಾವ ಬಾಯಲ್ಲಿ ಕೇಳ್ತೀಯ? ಅವಳಾಗಿ ಹೇಳ್ಲಿ."

ಅವಳಾಗಿ ಹೇಳಲಿಲ್ಲ. ನಾನಾಗಿ ಕೇಳಲಿಲ್ಲ.

ವರ್ಷಕ್ಕೆ ಹದಿನೈದು ದಿನ ಇದೆ ಎನ್ನುವಾಗ ಧಾನ್ಯದ ವ್ಯಾಪಾರಿ ಟ್ರೆಬಿಯಸ್‌ನ ಆಳು ಅಂಗಡಿಗೆ ಬಂದ. ಟ್ರೆಬಿಯಸ್ ಹೆಂಡತಿ ಸತ್ತವನು, ಬಂದರಿನಲ್ಲಿ ಅವನ ಮೂರು ಹಡಗುಗಳಿವೆ, ಹೊಟ್ಟೆಯೂ ಹಡಗಿನಷ್ಟೇ ಇದೆ.

"ನಮ್ಮ ಯಜಮಾನರ ಮದುವೆ, ಜುಲೈನಲ್ಲಿ. ಒಳ್ಳೆ ಮುಸುಕು ಬೇಕು."

"ಎಲ್ಲಿಗೆ ತಲುಪಿಸ್ಬೇಕು?"

"ಹೆಣ್ಣಿನ ಮನೆಗೆ. ಎಣ್ಣೆ ವ್ಯಾಪಾರಿ ಹೆರೆನ್ನಿಯಸ್ ಗೊತ್ತಲ್ಲ, ಅವರ ಮನೆಗೆ."

ಆ ಮನೆಯಲ್ಲಿ ಇದ್ದದ್ದು ಒಬ್ಬಳೇ ಮಗಳು. ಅವಳು ಆ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಹಾಡಿಕೊಳ್ಳುತ್ತಿದ್ದಳು.  ಆಗಲ್ಲ ಎನ್ನಬೇಕಿತ್ತು. ಆಗಲಿ ಎಂದೆ.

ಮುಸುಕು ಅದ್ದುವಾಗ ಹೆರೆನ್ನಿಯಾ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಚೆನ್ನಾಗಿ ಬಂದಿದೆ. ಯಾರದ್ದು?"

"ಯಾರೋ ಗಿರಾಕಿ."

"ಹೆಸರಿಲ್ವಾ ಗಿರಾಕಿಗೆ?"

"ಟ್ರೆಬಿಯಸ್ ಅಂತ."

ಅವಳು ಬಾನಿಯಲ್ಲಿ ಮುಳುಗಿ ಏಳುತ್ತಿದ್ದ ಬಟ್ಟೆಯನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು, ಕೊನೆಗೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ತಲೆ ತಗ್ಗಿಸಿದೆ. ಅಂದಿನಿಂದ ಅಡುಗೆಮನೆಯ ಹಾಡು ನಿಂತಿತು. ಅವಳಿಗೆ ಸುದ್ದಿ ಮೊದಲೇ ತಿಳಿದಿದೆ, ಟ್ರೆಬಿಯಸ್‌ನ ಹಡಗುಗಳು ಅವಳ ಕಣ್ಣಲ್ಲೂ ತೇಲುತ್ತಿವೆ ಎಂದು ನನಗೆ ನಾನೇ ಅರ್ಥ ಮಾಡಿಕೊಂಡೆ.

ಮಾವ ಬಂದದ್ದು ವರ್ಷ ತುಂಬಲು ಸರಿಯಾಗಿ ನಾಲ್ಕು ದಿನ ಇರುವಾಗ. ಬೆಳಿಗ್ಗೆ ಬೀದಿಯಲ್ಲಿ ಪಲ್ಲಕ್ಕಿ ಇಳಿಸಿದ ಸದ್ದಾಯಿತು. ಬಾಗಿಲು ತೆರೆದರೆ ಮಾವನೇ, ಬಿಸಿಲಿಗೆ ಸುಟ್ಟು ಕೆಂಪಾದ ಮುಖ.

"ಏನಳಿಯಾ, ಬರೋದಿಲ್ಲ ಅಂದ್ಕೊಂಡಿದ್ದಾ?"

"ಇಲ್ಲ ಮಾವ."

"ಮೂರು ರಾತ್ರಿಗೆ ಮಗಳನ್ನ ಕಳಿಸು. ಅವಳಮ್ಮ ದಾರಿ ನೋಡ್ತಿದ್ದಾಳೆ."

ಒಳಗಿಂದ ಹೆರೆನ್ನಿಯಾ ಬಂದಳು. ಅಚ್ಚುಕಟ್ಟಾಗಿ ಬಟ್ಟೆಯ ಗಂಟು ಕಟ್ಟಿಕೊಂಡಿದ್ದಳು. ಅಳು ಇಲ್ಲ, ತಡವರಿಕೆ ಇಲ್ಲ. ನನ್ನೆದುರು ಒಂದು ಗಳಿಗೆ ನಿಂತಳು.

"ಹೋಗ್ಬರ್ಲಾ?" ಎಂದಳು.

ಹೋಗಬೇಡ ಎನ್ನಲು ಬಾಯಿ ತೆರೆದೆ. ಮಾವ ನೋಡುತ್ತಿದ್ದರು. ಅಮ್ಮ ನೋಡುತ್ತಿದ್ದಳು.

"ಹುಷಾರು," ಎಂದೆ.

ಅವಳ ತುಟಿ ಬಿಗಿಯಿತು. ತಿರುಗಿ ದಡದಡ ನಡೆದಳು. ಬಾಗಿಲಲ್ಲಿ ಅವಳ ಬಲಗಾಲು ಹೊಸ್ತಿಲಿಗೆ ಬಡಿದ ಸದ್ದು ಒಳಗಿನ ಬಾನಿಯವರೆಗೂ ಕೇಳಿತು. ಅಮ್ಮಾ ಎಂದು ಕುಸಿದು ಕುಳಿತಳು. ಹೆಬ್ಬೆರಳಿನ ಉಗುರು ಒಡೆದು ರಕ್ತ ಕಲ್ಲಿನ ಮೇಲೆ ಹರಿಯಿತು.

ಮಾವನ ಮುಖ ಬಿಳುಚಿತು. ಕಾನೂನಿಗೆ ಎಷ್ಟು ಗಟ್ಟಿಯೋ ಶಕುನಕ್ಕೆ ಅಷ್ಟೇ ಮೆತ್ತಗಿನ ಮನುಷ್ಯ. ಕೆಡುಕು ತಟ್ಟದಿರಲೆಂದು ಅಂಗೈಗೆ ಉಗುಳಿಕೊಂಡು ಹಿಂದೆ ಸರಿದರು.

"ಹೊರಡೋವಾಗ್ಲೇ ಹೊಸ್ತಿಲು ಎಡವಿದ್ಲು. ಇವತ್ತು ಬೇಡ, ಇವತ್ತು ಖಂಡಿತ ಬೇಡ." ಬೆರಳು ಮಡಿಸಿ ಎಣಿಸಿದರು. "ನಾಳೆ ಬರ್ತೀನಿ. ನಾಳೆ, ನಾಡಿದ್ದು, ಆಚೆ ನಾಡಿದ್ದು. ಇನ್ನೂ ಮೂರು ರಾತ್ರಿ ಇದೆ. ಆಮೇಲೆ ವರ್ಷ ತುಂಬತ್ತೆ. ಸಾಕು."

ನಾನೂ ಮನಸ್ಸಿನಲ್ಲೇ ಎಣಿಸಿದೆ. ಮೂರು ರಾತ್ರಿ ಸರಿಯಾಗಿ ಇತ್ತು. ದೇವರು ಕೊಟ್ಟ ಒಂದು ದಿನವೂ ನನಗೆ ಉಪಯೋಗಕ್ಕೆ ಬರಲಿಲ್ಲ. ಅವಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು, ನಾನು ನೋಯ್ತಿದೆಯಾ ಎಂದು ಕೇಳಿದ್ದಕ್ಕೆ ಎಲ್ಲಿ ಎಂದು ಮಾತ್ರ ಕೇಳಿದಳು. ಮರುದಿನ ಬೆಳಿಗ್ಗೆ ಕುಂಟುತ್ತ ಬಾಗಿಲಿಗೆ ಬಂದಳು. ಈ ಸಲ ಮಾವನೇ ಅವಳನ್ನು ಎತ್ತಿ ಹೊಸ್ತಿಲು ದಾಟಿಸಿದರು. ನಮ್ಮ ಮನೆಗೆ ಎತ್ತಿ ತಂದವಳನ್ನು ಎತ್ತಿಕೊಂಡೇ ಹೋದರು.

ಎರಡನೆಯ ದಿನ ಮುಸುಕು ತಲುಪಿಸಬೇಕಿತ್ತು. ಆಳಿನ ಕೈಲಿ ಕಳಿಸು ಎಂದಳು ಅಮ್ಮ. ನಾನೇ ಹೊತ್ತುಕೊಂಡು ಹೋದೆ. ಒಂದು ಸಲ ನೋಡಬೇಕು ಎಂಬ ಆಸೆಯ ಮುಂದೆ ಮಾನ ಗೀನ ನೆನಪಾಗಲಿಲ್ಲ.

ಮಾವ ಅಂಗಳದ ನೆರಳಲ್ಲಿ ಕುಳಿತು ಅಂಜೂರ ತಿನ್ನುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ಮುಜುಗರಪಟ್ಟರು, ಆಮೇಲೆ ಅದನ್ನೂ ನುಂಗಿದರು.

"ನೋಡಳಿಯಾ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ನಿಮ್ಮಪ್ಪ ಇದ್ದಿದ್ರೆ ಮಾತೇ ಬೇರೆ. ಅಪ್ಪ ಅನ್ನೋನು ಮಗಳ ಹೊಟ್ಟೆ ಬಟ್ಟೆ ನೋಡ್ಬೇಕಲ್ಲ? ನಾನು ಅಡ್ಡದಾರಿ ಹಿಡಿಯೋನಲ್ಲ. ಮೂರು ರಾತ್ರಿ ಅಂದ್ರೆ ಮೂರು ರಾತ್ರಿ. ಒಂದು ಗಳಿಗೆ ಕಡಿಮೆ ಆದ್ರೂ ನಾನೇ ವಾಪಸ್ ತಂದು ಬಿಡ್ತೀನಿ."

ಹೆರೆನ್ನಿಯಾ ಕಂಬದ ಹಿಂದಿನಿಂದ ಬಂದಳು. ಮುಸುಕನ್ನು ಬಿಡಿಸಿ ಬಿಸಿಲಿಗೆ ಹಿಡಿದಳು. ಇಡೀ ಅಂಗಳ ಒಮ್ಮೆ ಕೆಂಪು ಹಳದಿಯಾಯಿತು.

"ಎಷ್ಟು ಸಲ ಅದ್ದಿದ್ದೀರಿ?"

"ನಾಲ್ಕು."

"ಗಿರಾಕಿಗಳಿಗೆ ಮೂರೇ ಅಲ್ವಾ?"

"ಇದು... ನೀನು ಹೊದೆಯೋದು."

ಅವಳ ಕಣ್ಣು ತುಂಬಿ ಬಂತು. ಕೋಪವೋ ದುಃಖವೋ ನನಗೆ ಗೊತ್ತಾಗಲಿಲ್ಲ. ಮುಸುಕನ್ನು ಮಡಿಸಿ ಎದೆಗೆ ಒತ್ತಿಕೊಂಡು ಕುಂಟುತ್ತ ಒಳಗೆ ಹೋದಳು.

ಮೂರನೆಯ ರಾತ್ರಿ ನಾನು ಮಲಗಲಿಲ್ಲ. ಅಮ್ಮ ಒಲೆಯ ಮುಂದೆ ಕುಳಿತಿದ್ದಳು, ನಾನು ಹೊಸ್ತಿಲ ಮೇಲೆ. ಕಲ್ಲಿನ ಮೇಲೆ ಅವಳ ರಕ್ತದ ಕಲೆ ಇನ್ನೂ ಇತ್ತು, ತೊಳೆಯಲು ನಾನು ಬಿಟ್ಟಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಒಳಗೆ ಭಯವೂ ಉಳಿಯಲಿಲ್ಲ. ಕಳೆದುಕೊಳ್ಳುವ ತನಕ ಮಾತ್ರ ಭಯ ಇರುತ್ತದೆ.

ಸೂರ್ಯ ಎದುರುಮನೆಯ ಹೆಂಚಿನ ಮೇಲೆ ಬಂದಾಗ ಬೀದಿಯ ತಿರುವಿನಲ್ಲಿ ಬೆಂಕಿಬಣ್ಣ ಕಂಡಿತು.

ಹೆರೆನ್ನಿಯಾ ಮುಸುಕು ಹೊದ್ದು ನಡೆದು ಬರುತ್ತಿದ್ದಳು. ಹಗಲಲ್ಲಿ, ಎಲ್ಲರಿಗಿಂತ ಮುಂದೆ, ಮದುಮಗಳ ಹಾಗೆ. ಅವಳ ಹಿಂದೆ ಮಾವ, ಮಾವನ ಹಿಂದೆ ಸಾಕ್ಷಿಗೆಂದು ಕರೆತಂದ ಇಬ್ಬರು ಹಿರಿಯರು, ಕೊನೆಯಲ್ಲಿ ಖಾಲಿ ಪಲ್ಲಕ್ಕಿ. ನಿನ್ನ ವಸ್ತು ನೀನು ತಗೊ ಎಂದು ಮದುವೆ ಮುರಿಯುವ ಮಾತನ್ನು ಎಲ್ಲರೆದುರು ಹೇಳಿಸಿ, ಅವಳ ಪೆಟ್ಟಿಗೆ ಒಯ್ಯಲು ಬಂದಿದ್ದರು. ಅಕ್ಕಪಕ್ಕದ ಬಾಗಿಲುಗಳು ತೆರೆದವು. 

"ಅಳಿಯಾ, ಮೂರು ರಾತ್ರಿ ಆಯ್ತು," ಎಂದರು ಮಾವ ಏದುಸಿರು ಬಿಡುತ್ತ. "ಮಗಳು ನನ್ನ ಕೈಯಲ್ಲೇ ಇದ್ದಾಳೆ. ಇವರು ಸಾಕ್ಷಿ."

"ಎಲ್ಲಿ ಆಯ್ತಪ್ಪ?" ಎಂದಳು ಹೆರೆನ್ನಿಯಾ.  "ಎರಡೂವರೆ ಆಗಿದೆ."

"ಏನು ಹಂಗಂದ್ರೆ?"

"ನನ್ನ ಮದುವೆ ಆದ ದಿನ ಯಾವ್ದು?"

"ಇವತ್ತು. ಅಂದ್ರೆ, ಇವತ್ತಿಗೆ ವರ್ಷ. ನಿನ್ನೆ ರಾತ್ರೀಗೇ ಮೂರು ಮುಗೀತಲ್ಲ?"

"ಇವತ್ತು ಯಾವಾಗ ಶುರುವಾಯ್ತಪ್ಪ?"

ಮಾವ ಸಾಕ್ಷಿಗಳ ಮುಖ ನೋಡಿದರು. 

"ನಡುರಾತ್ರಿ ದಾಟಿದ್ರೆ ನಾಳೆ," ಎಂದಳು ಅವಳು. "ನೀವೇ ಹೇಳಿದ್ದು. ನಿನ್ನೆ ರಾತ್ರಿ ಅರ್ಧ ಮಾತ್ರ ಹೋದ ವರ್ಷದ್ದು. ಇನ್ನರ್ಧ ಇವತ್ತಿಂದು. ಮೂರನೇ ರಾತ್ರಿ ತುಂಬೋ ಮೊದ್ಲೇ ವರ್ಷ ತುಂಬ್ತು. ನಡುರಾತ್ರಿಗೆ ನಾನು ಎದ್ದು ಕೂತಿದ್ದೆ, ಅದೇ ಮಂಚದ ಮೇಲೆ. ಆಗಿಂದ ನಾನು ನಿಮ್ಮ ಕೈಯಲ್ಲಿಲ್ಲ. ಇವರ ಮನೆಯವಳು."

ಸಾಕ್ಷಿಗೆ ಬಂದ ಹಿರಿಯರಲ್ಲೊಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಅವರು ಆ ಮನೆಯಲ್ಲಿ ಎಷ್ಟು ಊಟ ಮಾಡಿದ್ದರೋ, ಮಂಚದ ಕಥೆ ಎಷ್ಟು ಸಲ ಕೇಳಿದ್ದರೋ.

"ಬೆಳಕು ಹರಿಯೋ ತನಕ ನಿನ್ನೆಯೇ," ಎಂದರು ಮಾವ, ಕ್ಷೀಣವಾಗಿ.

"ಹಾಗಾದ್ರೆ ಆ ಮಂಚ ವಾಪಸ್ ಕೊಡ್ಬೇಕಾಗತ್ತಪ್ಪ."

 ಮಾವ ಕೈ ಬೀಸಿ ಪಲ್ಲಕ್ಕಿಯವರನ್ನು ಕರೆದರೆ ಅವಳನ್ನು ಎಳೆದುಕೊಂಡು ಹೋಗಬಹುದಿತ್ತು, ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಆದರೂ ನಾನು ಎದ್ದೆ. ಹೋಗಿ ಅವಳಿಗೂ ಅವರಿಗೂ ನಡುವೆ ನಿಂತೆ. ಹಲ್ಲು ಕಟಕಟ ಎನ್ನುತ್ತಿತ್ತು.

"ಒಂದು ಗಳಿಗೆ ಕಡಿಮೆ ಆದ್ರೂ ವಾಪಸ್ ತಂದು ಬಿಡ್ತೀನಿ ಅಂದಿದ್ರಿ, ಮಾವ," ಎಂದೆ.

ಮಾವ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ನನ್ನ ಭುಜದಾಚೆ ಬಗ್ಗಿ ಮಗಳ ಕಾಲಿನ ಕಡೆ ನೋಡಿದರು. ಬಟ್ಟೆ ಸುತ್ತಿದ ಹೆಬ್ಬೆರಳು. ಅವರ ಬೆರಳುಗಳು ತಾವಾಗಿ ಮಡಿಚಿಕೊಂಡವು, ಮತ್ತೊಮ್ಮೆ ಎಣಿಸಿದವು.

"ಆ ದಿನ ನೀನು ಎಡವದೇ ಇದ್ದಿದ್ರೆ..." ಎಂದು ನಿಲ್ಲಿಸಿದರು.

ಹೆರೆನ್ನಿಯಾ ತಲೆ ತಗ್ಗಿಸಿದಳು.

"ನಮ್ಮಮ್ಮನೂ ಹಿಂಗೇ ಇದ್ಲು," ಎಂದರು ಮಾವ ಸಾಕ್ಷಿಗಳ ಕಡೆ ತಿರುಗಿ. ಅವರ ಕಣ್ಣು ಒದ್ದೆಯಾಗಿತ್ತು. "ನಡೀರಿ. ಲೆಕ್ಕ ಅಂದ್ರೆ ಲೆಕ್ಕ. ನಾನು ಕಲಿಸಿದ್ದೇ."

ಮಗಳ ತಲೆಯ ಮೇಲೆ, ಮುಸುಕಿನ ಮೇಲಿಂದಲೇ, ಒಂದು ಸಲ ಕೈಯಿಟ್ಟು ಹೊರಟರು. ಇನ್ನು ಆ ಮನೆಯಲ್ಲಿ ಅವಳಿಗೆ ಪಾಲಿಲ್ಲ, ದೇವರಿಲ್ಲ, ಮಂಚವೂ ಇಲ್ಲ. ಅವರ ಪಲ್ಲಕ್ಕಿ ತಿರುವು ದಾಟುವ ತನಕ ಅವಳು ನೋಡುತ್ತ ನಿಂತಳು. ಆಮೇಲೆ ಜೋರಾಗಿ ಅತ್ತಳು.

ನಾನು ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ. ಒಲೆಯ ಬಳಿ ಕೂರಿಸಿದೆ. ಅಮ್ಮ ಬಿಸಿನೀರು ಇಟ್ಟು, ಹೊರಗೆ ಏನೋ ಕೆಲಸ ಇದೆ ಎಂದು ಹೋದಳು. ಅಮ್ಮನಿಗೆ ಹೊರಗೆ ಎಂದೂ ಕೆಲಸ ಇರುವುದಿಲ್ಲ.

ಕಾಲಿನ ಬಟ್ಟೆ ಬಿಚ್ಚಿದೆ. ಉಗುರು ಪೂರ್ತಿ ಕಪ್ಪಾಗಿತ್ತು. ತೊಳೆಯುತ್ತ ಕೇಳಿದೆ.

"ಬೇಕಂತಲೇ ಎಡವಿದ್ಯಾ?"

"ಮತ್ತಿನ್ನೇನು? ಟ್ರೆಬಿಯಸ್ ವಿಷ್ಯ ಅಮ್ಮ ಮೊದ್ಲೇ ಹೇಳಿ ಕಳಿಸಿದ್ಲು, ನೀವಂತೂ ಕೂತು ಅವನಿಗೇ ಮುಸುಕು ಅದ್ತಾ ಇದ್ರಿ. ಬೇಡವಾಗಿದ್ದೀನೇನೋ ಅಂದ್ಕೊಂಡೆ. ನಾಲ್ಕು ಸಲ ಅದ್ದಿದ್ದೀನಿ ಅಂದ್ರಲ್ಲ, ಆಗ ಉಸಿರು ಬಂತು. ಆದ್ರೂ ಭಯ. ನಾನು ಇಷ್ಟೆಲ್ಲ ಮಾಡಿ ಬಂದ್ಮೇಲೆ ನೀವು ಬಾಗಿಲು ತೆಗೀದೇ ಇದ್ರೆ?"

"ನನಗೂ ಭಯ ಇತ್ತು. ಅಷ್ಟು ದೊಡ್ಡ ಮನೆ ಬಿಟ್ಟು ಬಾ ಅಂತ ಹೆಂಗೆ ಕೇಳ್ಲಿ?"

"ಕೇಳ್ಬೇಕಿತ್ತು."

"ಈಗ ಕೇಳ್ಲಾ?"

"ಈಗೇನು ಕೇಳ್ತೀರಿ? ಹೋಗು ಅಂದ್ರೂ ನಂಗೆ ಹೋಗೋಕೆ ಜಾಗ ಇಲ್ಲ."

ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡೆ. ನನ್ನ ಹಳದಿ ಬೆರಳುಗಳ ಗುರುತು ಅವಳ ಪಾದದ ಮೇಲೆ ಮೂಡುತ್ತಿತ್ತು. ಅವಳು ಮುಟ್ಟಬೇಡಿ ಎನ್ನಲಿಲ್ಲ.

"ಹೋಗ್ಬೇಡ," ಎಂದೆ.

ಅವಳು ಮುಸುಕಿನ ತುದಿಯಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಇದನ್ನೇ ನಾಲ್ಕು ದಿನ ಮುಂಚೆ ಹೇಳಿದ್ದಿದ್ರೆ," ಎಂದಳು, "ಇಷ್ಟು ಜೋರಾಗಿ ಎಡವ್ತಿರಲಿಲ್ಲ."